ಮಧ್ಯಾಹ್ನ ಒಂದಕ್ಕೆ ಬಿಚ್ಚಿದ ಚೀಲ

ವಿಜಯದಶಮಿ. ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಹಾಜರಿದ್ದವರು ಇಬ್ಬರು: ಅಡುಗೆಮನೆಯ ಬಾಗಿಲಲ್ಲಿ ನಾನು, ಒಲೆಯ ಮುಂದೆ ನನ್ನ ತಂಗಿ.

ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಮೇಲ್ವಿಚಾರಕಿಯಾಗಿದ್ದೆ. ಬೀಳಗಿ, ಮುಧೋಳ, ಜಮಖಂಡಿ, ಈ ಮೂರು ತಾಲೂಕು ಬಿಟ್ಟು ಬೇರೆ ಕಡೆ ನೌಕರಿ ಮಾಡಲಿಲ್ಲ. ದಿನದ ವರದಿಯನ್ನು ಹೀಗೆ ದಿನ, ವೇಳೆ, ಹಾಜರಿ ಎಂದೇ ಶುರು ಮಾಡುತ್ತಿದ್ದೆ. ನಿವೃತ್ತಳಾಗಿ ಎಂಟು ವರ್ಷವಾಯಿತು, ಕೈ ಬೇರೆ ರೀತಿ ಬರೆಯಲು ಒಪ್ಪುವುದಿಲ್ಲ. ಏಳನೆಯ ವಯಸ್ಸಿನಿಂದ ಬೋರ್ಡಿಂಗಿನಲ್ಲಿ ಬೆಳೆದವಳು ನಾನು. ಗಂಟೆಗೆ ಎದ್ದೆ, ಗಂಟೆಗೆ ಉಂಡೆ, ಗಂಟೆಗೆ ಅತ್ತು ಗಂಟೆಗೆ ಸುಮ್ಮನಾದೆ. ಮುಂದೆ ಗಂಟೆ ಬಾರಿಸುವ ಕೆಲಸ ನನ್ನದೇ ಆಯಿತು.

ತಂಗಿಯ ಮನೆ ಪಕ್ಕದ ಓಣಿಯಲ್ಲಿದೆ. ನವರಾತ್ರಿಯಲ್ಲಿ ಅವಳು ನಸುಕಿಗೆ ಎದ್ದು ತಲೆಗೆ ನೀರು ಹಾಕಿಕೊಂಡು ಬನ್ನಿ ಗಿಡಕ್ಕೆ ಪೂಜೆ ಮಾಡಿ, ನೇರವಾಗಿ ನನ್ನ ಮನೆಗೆ ಬಂದು ಚಹಾ ಕಾಯಿಸುತ್ತಾಳೆ. ಅಂದು ಚಹಾ ಸೋಸುವ ಮೊದಲು ಮೇಜಿನ ಮೇಲಿದ್ದ ನನ್ನ ಹಾಳೆ ಅವಳ ಕಣ್ಣಿಗೆ ಬಿತ್ತು.

"ಅಕ್ಕಾ, ಏನಿದು? ಎಲ್ಲೆರ ಭಾಷಣ ಐತೇನ?"

"ಭಾಷಣ ಅಲ್ಲ. ಒಬ್ಬಾಕಿಗೆ ಹೇಳೂದೈತಿ. ಮರೀಬಾರದಂತ ಬರದೇನಿ."

ಅವಳು ಹಾಳೆಯನ್ನು ದೀಪದ ಕಡೆ ಹಿಡಿದು ಓದಿದಳು. ಓದುತ್ತಾ ನಕ್ಕಳು. "'ದಯವಿಟ್ಟು ನನ್ನನ್ನು ಕ್ಷಮಿಸು.' ಬಯಲಾಟದಾಗ ರಾಜಾ ಕಿರೀಟ ತಗದಿಟ್ಟು ಹೇಳಿದಂಗ ಐತಿ ಬಿಡು. ನಮ್ಮ ಮಂದ್ಯಾಗ ಯಾರರ ಹಿಂಗ ಮಾತಾಡ್ತಾರನು?"

"ಮತ್ತ ಹೆಂಗ ಹೇಳಬೇಕು?"

"ಸಾರಿ ಅನ್ನು. ಈಗಿನವರೆಲ್ಲ ಅಂತಾರ."

"ಬಸ್ಸಿನಾಗ ಕಾಲು ತುಳಿದ್ರ ಅನ್ನೂದು ಅದು."

"ಹಂಗಾರ ತಪ್ಪಾತು ಅನ್ನು, ಮುಗೀತು."

ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿದೆ. ಆ ಮಾತನ್ನು ನಾನು ಬಹಳ ದುಡಿಸಿಬಿಟ್ಟಿದ್ದೇನೆ. ಪ್ರಾರ್ಥನೆಗೆ ತಡವಾದವಳು, ಹಾಸಿಗೆ ಮಡಚದವಳು, ತಟ್ಟೆಯಲ್ಲಿ ಅನ್ನ ಬಿಟ್ಟವಳು ಬಾಗಿಲಲ್ಲಿ ನಿಂತು ಮೂರು ಸಲ "ತಪ್ಪಾತ್ರಿ ಅಕ್ಕೋರ" ಎಂದು ಒಳಗೆ ಹೋಗಬೇಕು. ನನ್ನ ನಿಯಮ ಅದು. ಹುಡುಗಿಯರು ಅದನ್ನು ಜಡೆ ಹಾಕಿಕೊಳ್ಳುತ್ತ, ಶೇಂಗಾ ಅಗಿಯುತ್ತ, ಗೆಳತಿಗೆ ಕಣ್ಣು ಹೊಡೆಯುತ್ತ ಹೇಳುತ್ತಿದ್ದರು. ನಾನು ಎಣಿಸುತ್ತಿದ್ದೆ: ಒಂದು, ಎರಡು, ಮೂರು, ಹೋಗು. ನನಗೇ ಬೇಕಾದ ದಿನ ಆ ಮಾತಿನಲ್ಲಿ ಏನೂ ಉಳಿದಿರಲಿಲ್ಲ.

ಯಾರಿಗೆ ಹೇಳಬೇಕಿತ್ತು ಎಂಬುದನ್ನು ಈಗ ಬರೆಯುತ್ತೇನೆ.

ನಾನಿದ್ದ ಒಂದು ಹಾಸ್ಟೆಲ್‌ನಲ್ಲಿ ಒಬ್ಬ ಅಡುಗೆಯಾಕೆ ಇದ್ದಳು. ಯಾವ ಊರಿನ ಹಾಸ್ಟೆಲ್ ಎಂದು ಬರೆಯುವುದಿಲ್ಲ, ಅಲ್ಲಿ ಓದಿದವರಿಗೆ ಗೊತ್ತಾಗುತ್ತದೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುಡುಗಿಯರು ಅವಳನ್ನು "ಅತ್ತಿ" ಎನ್ನುತ್ತಿದ್ದರು, ಸ್ವಂತ ಸೋದರತ್ತೆಯನ್ನು ಕರೆಯುವ ಸಲಿಗೆಯಲ್ಲಿ. ನಾನು ಮಾತ್ರ "ಏ, ಅಡಿಗಿಯಾಕಿ" ಎನ್ನುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಬಂದು ಅರವತ್ತು ಹುಡುಗಿಯರಿಗೆ ರೊಟ್ಟಿ ಬಡಿದು, ಮಧ್ಯಾಹ್ನದ ಊಟ ಮುಗಿಸಿ ಒಂದಕ್ಕೆ ಮನೆಗೆ ಹೋಗಿ, ನಾಲ್ಕಕ್ಕೆ ಮತ್ತೆ ಬರುತ್ತಿದ್ದಳು. ಹೋಗುವಾಗ ಕೈಯಲ್ಲಿ ಒಂದು ಬಟ್ಟೆಯ ಚೀಲ. ಎಳೆದು ಕಟ್ಟಲು ಬಾಯಿಗೆ ನಾಡಿ, ಅಂದರೆ ದಾರ, ಹಾಕಿ ಹೊಲಿದದ್ದು, ಹಳೆಯ ಸೀರೆಯದು.

ಒಂದು ರವಿವಾರ ತೊಗರಿಬೇಳೆಯ ದೊಡ್ಡ ಡಬ್ಬಿ ತೆಗೆದು ನೋಡಿದರೆ ಅರ್ಧಕ್ಕಿಂತ ಕಡಿಮೆ ಇತ್ತು. ವಾರದ ಹಿಂದೆ ತುಂಬಿಸಿದ್ದು ನನಗೆ ನೆನಪಿತ್ತು. ಯಾರನ್ನೂ ಕೇಳಲಿಲ್ಲ. ವೇಳೆ ನೋಡಿದೆ, ಒಂದಕ್ಕೆ ಎರಡು ನಿಮಿಷ ಕಡಿಮೆ. ಹುಡುಗಿಯರು ಉಂಡು, ತಾಟು ತೊಳೆಯಲು ನಲ್ಲಿಯ ಮುಂದೆ ಸಾಲು ನಿಂತಿದ್ದರು. ಅವಳು ಸೆರಗಿನಿಂದ ಮುಖ ಒರೆಸುತ್ತ ಚೀಲ ಹಿಡಿದು ಆ ಸಾಲಿನ ಪಕ್ಕದಲ್ಲೇ ಹೊರಟಳು.

"ನಿಂದರು. ಚೀಲಾ ಬಿಚ್ಚು."

"ಯಾಕ್ರಿ ಅಕ್ಕೋರ?"

"ಬಿಚ್ಚು ಅಂದ್ರ ಬಿಚ್ಚು. ದಿನಾ ಏನೇನ ಹೊರಗ ಹೊಂಟೈತಿ ನೋಡೂಣು. ಕಳ್ಳರ ಕೈಯಾಗ ಕೀಲಿ ಕೊಟ್ಟಂಗ ಆಗೇತಿ ನಂದು."

ಅವಳು ಚೀಲವನ್ನು ನೆಲಕ್ಕಿಟ್ಟು ನಾಡಿ ಬಿಚ್ಚಿದಳು. ಒಳಗೆ ಹೀರೇಕಾಯಿ ಸಿಪ್ಪೆ, ಆಲೂಗಡ್ಡೆ ಸಿಪ್ಪೆ, ಬಾಡಿದ ಮೆಂತ್ಯದ ಕಡ್ಡಿ, ಮನೆಯಲ್ಲಿ ಕಟ್ಟಿದ್ದ ಆಡಿಗೆ. ಅದರ ಕೆಳಗೆ ಒಂದು ಅರಿವೆಯಲ್ಲಿ ಸುತ್ತಿದ ಅರ್ಧ ರೊಟ್ಟಿ. ಅದು ಅವಳೇ ಮನೆಯಿಂದ ತಂದದ್ದು, ತಿನ್ನಲು ಹೊತ್ತು ಸಿಗದೆ ಉಳಿದದ್ದು. ಹೊತ್ತು ಸಿಗದಂತೆ ವೇಳಾಪಟ್ಟಿ ಹಾಕಿದ್ದು ನಾನು.

ಸಾಲಿನಲ್ಲಿ ಯಾವಳೋ ಒಬ್ಬಳು ಕಿಸಕ್ಕನೆ ನಕ್ಕಳು. ಆಮೇಲೆ ಸಾಲೇ ನಕ್ಕಿತು. ಬೇರೆ ದಿನವಾಗಿದ್ದರೆ ನಾನು ಗದರುತ್ತಿದ್ದೆ. ಅಂದು ಸುಮ್ಮನಿದ್ದೆ, ಆ ನಗು ನನಗೆ ಅನುಕೂಲವಾಗಿತ್ತು.

"ಆತು, ಕಟ್ಟು," ಎಂದೆ. "ನಾಲ್ಕಕ್ಕ ಸರಿಯಾಗಿ ಬಾ."

ಮಂಗಳವಾರ ಮಧ್ಯಾಹ್ನದ ಮೊದಲು ಕಸಗುಡಿಸುವವಳು ಅಡುಗೆಮನೆಗೆ ಬಂದು ನನ್ನನ್ನು ಕೇಳಿದಳು: "ಅಕ್ಕೋರ, ಮಾಳಗಿ ಮ್ಯಾಲಿನ ಬ್ಯಾಳಿ ಒಣಗ್ಯಾವ. ತುಂಬಿ ತರಲೇನ್ರಿ?"

ಹುಳ ಹಿಡಿದೀತೆಂದು ಅರ್ಧ ಬೇಳೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಲು ಶನಿವಾರ ಅವಳಿಗೆ ಹೇಳಿದವಳು ನಾನೇ. ಹೇಳಿ ಮರೆತಿದ್ದೆ. ಏನನ್ನೂ ಮರೆಯದವಳು ಎಂದು ಹೆಸರಾದ ನಾನು. ಅಡುಗೆಯಾಕೆ ಅಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಒಂದು ಸಲ ನಿಂತಿತು, ಮತ್ತೆ ಬಡಿಯತೊಡಗಿತು. ತಲೆ ಎತ್ತಲಿಲ್ಲ. ನನಗೂ ಅವಳಿಗೂ ನಡುವೆ ಹತ್ತು ಹೆಜ್ಜೆ ಇದ್ದವು. ನಾನು "ಹೂಂ, ತುಂಬು" ಎಂದು ಹೇಳಿ ಆಫೀಸಿಗೆ ಹೋದೆ.

ಅಂದು ಒಂದು ಗಂಟೆಗೆ ಅವಳು ಆಫೀಸಿನ ಬಾಗಿಲಿಗೆ ಬಂದಳು. ಚೀಲದ ನಾಡಿ ಬಿಚ್ಚಿ, ಎರಡೂ ಕೈಯಿಂದ ಬಾಯಿ ಅಗಲಿಸಿ ನನ್ನ ಕಡೆ ಹಿಡಿದಳು.

"ಏನದು?"

"ಚೀಲ್ರಿ. ನೋಡ್ರಿ."

ನೋಡಿದೆ. ಸಿಪ್ಪೆ ಇತ್ತು. "ಹೂಂ, ಹೋಗು," ಎಂದೆ.

ಮರುದಿನವೂ ಬಂದಳು. ಅದರ ಮರುದಿನವೂ. ನಾನು ಆ ಹಾಸ್ಟೆಲ್‌ನಲ್ಲಿದ್ದ ಮುಂದಿನ ಹನ್ನೊಂದು ವರ್ಷ, ರಜೆಯ ದಿನ ಬಿಟ್ಟರೆ, ಒಂದು ದಿನವೂ ತಪ್ಪಲಿಲ್ಲ. ಕೊನೆಕೊನೆಗೆ ನಾನು ಪೆನ್ನು ಎತ್ತದೆ, ತಲೆ ಎತ್ತದೆ, "ಹೂಂ" ಎನ್ನುತ್ತಿದ್ದೆ. ಒಂದು ವರ್ಷ ತಪಾಸಣೆಗೆ ಬಂದ ಅಧಿಕಾರಿಗಳ ಮುಂದೆ "ನಮ್ಮ ಸಿಬ್ಬಂದಿ ತಾವಾಗಿಯೇ ಚೀಲ ತೋರಿಸಿ ಹೋಗುತ್ತಾರೆ" ಎಂದು ಹೇಳಿಕೊಂಡೆ. ಅವರು ಮೆಚ್ಚಿದರು. ಮೆಚ್ಚಿದ ಮೇಲೆ ಉಳಿದ ಇಬ್ಬರು ಹೆಂಗಸರಿಗೂ ಅದನ್ನು ನಿಯಮ ಮಾಡಿದೆ. ಅವರು ಗೊಣಗಿದರು. ಇವಳು ಎಂದೂ ಗೊಣಗಲಿಲ್ಲ.

ಅದರ ಅರ್ಥ ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ವಾರ ಚೆನ್ನಾಗಿ ಗೊತ್ತಿತ್ತು. ದಿನಾ ಒಂದು ಗಂಟೆ ಆಗುವ ಮೊದಲೇ ಯಾವುದೋ ರಿಜಿಸ್ಟರು ಬಿಚ್ಚಿಕೊಂಡು ಕೂರುತ್ತಿದ್ದೆ. ಆಮೇಲೆ ರೂಢಿಯಾಯಿತು. ಎಂಥದ್ದನ್ನೂ ದಿನಾ ಒಂದೇ ವೇಳೆಗೆ ಮಾಡಿದರೆ ಅದು ನೋಯಿಸುವುದನ್ನು ಬಿಡುತ್ತದೆ ಎಂದು ಬೋರ್ಡಿಂಗಿನಲ್ಲೇ ಕಲಿತಿದ್ದೆ. ಯಾರನ್ನು ನೋಯಿಸುವುದನ್ನು ಬಿಡುತ್ತದೆ ಎಂದು ಅಲ್ಲಿ ಯಾರೂ ಕಲಿಸಿರಲಿಲ್ಲ.

ಇನ್ನೊಂದು ವಿಷಯವಿದೆ, ಅದು ಇನ್ನೂ ನಾಚಿಕೆಯದು. ಆ ವರ್ಷದ ದಸರೆಯಲ್ಲಿ ನಾನು ಅವಳನ್ನು ಆಫೀಸಿಗೆ ಕರೆದು ಬನ್ನಿ ಎಲೆ ಕೊಟ್ಟೆ. "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದೆ. ನಮ್ಮ ಕಡೆ ಬನ್ನಿ ಕೊಟ್ಟು ಈ ಮಾತು ಆಡಿದರೆ ಹಿಂದಿನ ಸಿಟ್ಟು, ಸೆಡವು, ಮಾತು ಬಿಟ್ಟದ್ದು ಎಲ್ಲ ಮುಗಿದಂತೆ. ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರು ಅಂದು ಸಂಜೆ ಒಬ್ಬರ ಕೈಯಲ್ಲಿ ಒಬ್ಬರು ಎಲೆ ಇಡುತ್ತಾರೆ. ಹಾಗಾಗಿ ನನ್ನ ಮಟ್ಟಿಗೆ ಕೆಲಸ ಮುಗಿಯಿತು. ನಾನೇ ಮೊದಲು ಕೊಟ್ಟೆನಲ್ಲ ಎಂಬ ಹೆಮ್ಮೆ ಬೇರೆ. ವಯಸ್ಸಿನಲ್ಲಿ ದೊಡ್ಡವಳಾದ ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಮುಟ್ಟಿಸಿಕೊಂಡೆ. ಮುಂದೆ ಪ್ರತಿ ವರ್ಷ ಹಾಗೆಯೇ. ಎಲೆ ಕೊಟ್ಟ ಮರುದಿನ ಒಂದಕ್ಕೆ ಅವಳು ಮತ್ತೆ ಚೀಲ ಬಿಚ್ಚಿ ನಿಲ್ಲುತ್ತಿದ್ದಳು. ಅದನ್ನು ನೋಡಿಯೂ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ಈ ದಸರೆಗೆ ಹದಿನೈದು ದಿನ ಮುಂಚೆ, ತಂಗಿಗೆ ಸೀರೆ ತರಲು ಬನಹಟ್ಟಿಗೆ ಹೊರಟಿದ್ದೆ. ಬಸ್ಸಿನ ಕಂಡಕ್ಟರ್ ನನ್ನ ಮುಂದೆ ನಿಂತು ಟಿಕೆಟ್ ಹರಿಯುವುದನ್ನು ಬಿಟ್ಟು ಮುಖ ನೋಡಿದಳು.

"ಅಕ್ಕೋರ ಹೌದಲ್ಲರಿ? ನಾನ್ರೀ, ನಿಮ್ಮ ಹಾಸ್ಟೆಲ್ ಹುಡುಗಿ. ಒಂಬತ್ತನೆ ಕ್ಲಾಸಿನ್ಯಾಗ ಇದ್ದೆ, ದಿನಾ ಪ್ರಾರ್ಥನಾಕ್ಕ ಲೇಟ್ ಬರ್ತಿದ್ದೆ."

ಗುರುತು ಸಿಕ್ಕಿತು. ಈಗ ಲೇಟಾಗಿ ಬರುವ ಪ್ರಯಾಣಿಕರಿಗೆ ಬೈಯುವ ಕೆಲಸ ಅವಳದು ಎಂದು ನಾನು ನಕ್ಕೆ, ಅವಳೂ ನಕ್ಕಳು. ರಬಕವಿ ದಾಟುವವರೆಗೂ ಬಿಡುವಾದಾಗಲೆಲ್ಲ ಬಂದು ಮಾತಾಡಿದಳು. ಆ ಮಾತಿನ ನಡುವೆ ಹೇಳಿದಳು:

"ಮೊದಲ ಬೀಳಗಿ ರೂಟಿನ್ಯಾಗ ಇದ್ದೆನಿರಿ. ನಮ್ಮ ಹಾಸ್ಟೆಲಿನ ಅತ್ತಿ ಹತ್ತತಿದ್ಲು, ಅನಗವಾಡಿ ಕಡೆ ಮಗಳ ಮನ್ಯಾಗ ಅದಾಳ ಈಗ. ಇನ್ನೂ ಹಂಗ ಅದಾಳ ನೋಡ್ರಿ. ಬಸ್ ಇಳಿಯಾಕತ್ತಿದ್ಲಂದ್ರ ಚೀಲಾ ಬಿಚ್ಚಿ, 'ನೋಡವಾ, ನಂದ ಇಷ್ಟ' ಅಂತಾಳ! ಕಿರಾಣಿ ಅಂಗಡ್ಯಾಗೂ ಹಂಗ ಮಾಡ್ತಾಳಂತ್ರಿ. ಗುಡಿಯಿಂದ ಹೊರಗ ಬರೂವಾಗ ಪೂಜಾರಿಗೂ ತೋರಿಸಿದ್ಲಂತ. ನಕ್ಕ ನಕ್ಕ ಸಾಕಾತು ನಮಗ."

ಅವಳು ನಗುತ್ತಲೇ ಇದ್ದಳು. ನನಗೆ ಬನಹಟ್ಟಿಯಲ್ಲಿ ಇಳಿದದ್ದು ನೆನಪಿದೆ, ಸೀರೆ ಆರಿಸಿದ್ದು ನೆನಪಿಲ್ಲ. ತಂಗಿ ಇವತ್ತಿಗೂ ಆ ಬಣ್ಣಕ್ಕಾಗಿ ನನ್ನನ್ನು ಬೈಯುತ್ತಾಳೆ.

ಅದಕ್ಕೇ ಆ ಹಾಳೆ. ಹದಿನೈದು ದಿನದಲ್ಲಿ ನಾಲ್ಕು ಸಲ ಬರೆದು ಹರಿದಿದ್ದೆ.

ತಂಗಿ ಅಂದು ಪೂಜೆಯಿಂದ ತಂದಿದ್ದ ಬನ್ನಿಯ ಒಂದು ಟೊಂಗೆಯನ್ನು ನನ್ನ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು. "ಸಂಜಿಕ್ಕ ಕೊಡೂದನ್ನ ಮಧ್ಯಾಹ್ನಕ್ಕ ಒಯ್ಯಾಕಿ ನೀ ಒಬ್ಬಾಕಿನ," ಎಂದಳು. ಹನ್ನೆರಡೂ ಕಾಲರ ಬಸ್ಸು ಹಿಡಿದೆ. ಹಿಂದಿನ ದಿನದ ಆಯುಧಪೂಜೆಯ ಬಾಳೆಕಂಬ, ಚೆಂಡುಹೂವಿನ ಮಾಲೆ, ಬನ್ನಿಯ ಟೊಂಗೆ ಇನ್ನೂ ಬಸ್ಸಿನ ಮೂತಿಗೆ ಕಟ್ಟಿದ್ದವು. ಬೀಳಗಿಯಲ್ಲಿ ಬಸ್ಸು ಬದಲಿಸಿದೆ. ರಸ್ತೆಯ ಅರ್ಧಕ್ಕೆ ಗೋವಿನಜೋಳ ಹರವಿದ್ದರು, ಬಸ್ಸು ಅದನ್ನು ತಪ್ಪಿಸಿ ಒಂದು ಬದಿಗೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಹಾಳೆಯನ್ನು ಬಾಯಿಪಾಠ ಮಾಡಿದೆ, ಪರೀಕ್ಷೆಗೆ ಹೋಗುವವಳಂತೆ.

ಅವಳ ಮಗಳ ಮನೆ ಕೇಳಿ ತಿಳಿದು ಹೋದಾಗ ಎರಡೂ ನಲವತ್ತು. ಅವಳು ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಒಂದು ಆಡು ಕಟ್ಟಿತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ಮಾತ್ರ ಅದೇ ಚುರುಕು. ನನ್ನನ್ನು ಕಂಡು ಎದ್ದು ನಿಂತಳು.

"ಅಯ್ಯ, ಅಕ್ಕೋರ! ಹೇಳಿ ಕಳಸಬಾರದೇನ್ರಿ? ಬರ್ರಿ, ಕುಂಡ್ರರಿ. ಏ, ಚಾ ಇಡಬೇ, ನಮ್ಮ ಹಾಸ್ಟೆಲ್ ಅಕ್ಕೋರು ಬಂದಾರ!"

ಒಳಗಿನಿಂದ ಮಗಳು ಓಗೊಟ್ಟಳು. ನನ್ನ ಕರವಸ್ತ್ರದಿಂದ ಇಣುಕುತ್ತಿದ್ದ ಎಲೆಗಳನ್ನು ನೋಡಿ ಇವಳಿಗೆ ನಗು. "ನಮ್ಮೂರಾಗ ಇನ್ನೂ ಬನ್ನಿ ಮುಡದಿಲ್ರಿ. ನೀವು ಆಗಲೇ ತಂದೀರಿ. ಯಾವತ್ತಿದ್ರೂ ಗಂಟಿಗಿಂತ ಮುಂಚೆ ನೀವು."

"ಆರಾಮ ಅದಿಯೇನ?"

"ಆರಾಮ್ರಿ. ಮೊಣಕಾಲೊಂದು ಮಾತ ಕೇಳಂಗಿಲ್ಲ. ನಿಮ್ಮ ಕೈಯಾಗ ಕೊಟ್ಟಿದ್ರ ಅದೂ ಕೇಳ್ತಿತ್ತೇನೋ."

ಇದು ಹೊಗಳಿಕೆಯೋ ಕುಟುಕೋ ತಿಳಿಯಲಿಲ್ಲ. ನಾನು ಕಟ್ಟೆಯ ಮೇಲೆ ಕೂತೆ. ಬಾಯಿಪಾಠ ಮಾಡಿದ್ದರಲ್ಲಿ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಅವತ್ತ ಬ್ಯಾಳಿ ವಿಷಯ ನಿನಗ ನೆನಪಿದ್ದೀತು. ಆವಾಗ ಪರಿಸ್ಥಿತಿ ಹಂಗಿತ್ತು. ಅಷ್ಟೂ ಹುಡಿಗ್ಯಾರ ಜವಾಬ್ದಾರಿ ನನ್ನ ಮ್ಯಾಲ ಇತ್ತು. ಮ್ಯಾಲಿನವರು ಯಾವಾಗ ಬಂದು ಕೇಳ್ತಾರೋ ಅಂತ ಒಂದು ಹೆದರಿಕಿ ಇರತಿತ್ತು. ನನ್ನ ಮನಸ್ಸಿನ್ಯಾಗ ನಿನ್ನ ಬಗ್ಗೆ ಏನೂ ಇರಲಿಲ್ಲ..."

ನನ್ನ ಮಾತು ನನಗೇ ಕೇಳಿಸುತ್ತಿತ್ತು. ಪ್ರತಿ ವಾಕ್ಯವೂ ಹೊರಡುವಾಗ ಅವಳ ಕಡೆ ಮುಖ ಮಾಡಿರುತ್ತಿತ್ತು, ಮುಗಿಯುವಷ್ಟರಲ್ಲಿ ನನ್ನ ಪರವಾಗಿ ನಿಂತಿರುತ್ತಿತ್ತು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಇನ್ನಷ್ಟು ವಿವರಿಸಿದೆ. ಅವಳು ಶೇಂಗಾ ಬಿಡಿಸುತ್ತ ಕೇಳಿದಳು. ಕಾಳು ಮೊರಕ್ಕೆ, ಸಿಪ್ಪೆ ಆಡಿನ ಕಡೆಗೆ.

ನಾನು ಸುಮ್ಮನಾದ ಮೇಲೆ ಅವಳು ಕೇಳಿದಳು: "ಆ ಬ್ಯಾಳಿ ಆಮ್ಯಾಗ ಸಿಕ್ಕತಲ್ಲರಿ?"

"ಸಿಕ್ಕತು. ಮಾಳಗಿ ಮ್ಯಾಲ ನಾನ ಹಾಕಿಸಿದ್ದೆ."

"ಗೊತ್ತೈತ್ರಿ. ನಾ ಅಲ್ಲೇ ರೊಟ್ಟಿ ಬಡಿಯಾಕತ್ತಿದ್ದೆ."

"ಗೊತ್ತಿದ್ದೂ ಮತ್ತ ಯಾಕ ಸುಮ್ಮನಿದ್ದಿ?"

ಕೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಕ್ಷಮೆ ಕೇಳಲು ಬಂದವಳು ವಿಚಾರಣೆ ಶುರು ಮಾಡಿದ್ದೆ. ಅವಳು ಶೇಂಗಾದಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಹಾಗೆ ನೇರ ನೋಡಿದ್ದು ನನಗೆ ನೆನಪಿಲ್ಲ.

"ನೀವ್ಯಾಕ ಸುಮ್ಮನಿದ್ರಿ?"

ನಾನು ಕರವಸ್ತ್ರದ ಎಲೆಗಳನ್ನು ನೋಡುತ್ತ, "ಪ್ರತಿ ವರ್ಷ ಬನ್ನಿ ಕೊಟ್ನೆಲ್ಲ. ಅದರಾಗ ಹೇಳಿದಂಗ ಆತು ಅಂದ್ಕೊಂಡಿದ್ದೆ," ಎಂದೆ.

"ಬನ್ನಿ ಬಸ್ಸಿಗೂ ಕಟ್ಟತಾರ್ರಿ ಅಕ್ಕೋರ," ಎಂದಳು.

ಒಳಗೆ ಚಹಾ ಸೋಸುತ್ತಿದ್ದ ಮಗಳು ಕೆಮ್ಮಿದ್ದು ಕೇಳಿಸಿತು. ಆಗ, ಮತ್ತೇನೂ ಉಳಿಯದೆ, ಹುಡುಗಿಯರಿಂದ ಸಾವಿರ ಸಲ ಹೇಳಿಸಿದ್ದ ಆ ಮಾತನ್ನೇ ಹೇಳಿದೆ. "ತಪ್ಪಾತು." ಒಂದೇ ಸಲ. ಮೂರು ಸಲ ಹೇಳುವ ಧೈರ್ಯ ಇರಲಿಲ್ಲ.

ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಂದದ್ದು ಅರವತ್ತು ಹುಡಿಗ್ಯಾರ ಮುಂದ್ರಿ," ಎಂದಳು. "ಈಗ ಹೇಳಾಕತ್ತಿದ್ದು ಆಡಿನ ಮುಂದ."

ಆ ಹುಡುಗಿಯರ ಮುಂದೆಯೇ ಹೇಳಬೇಕೆಂಬುದು ಅವಳು ನನ್ನನ್ನು ಕೇಳಿದ ಮೊದಲನೆಯ ಮಾತು. ಅಷ್ಟು ವರ್ಷದಲ್ಲಿ ರಜೆಯನ್ನೂ ಕೇಳಿದವಳಲ್ಲ.

ಆ ಹಾಸ್ಟೆಲ್‌ನ ಹಳೆಯ ಹುಡುಗಿಯರು ವಾಟ್ಸ್ಆ್ಯಪ್‌ನಲ್ಲಿ ಒಂದು ಗುಂಪು ಮಾಡಿ ನನ್ನನ್ನೂ ಸೇರಿಸಿದ್ದಾರೆ. ದಿನಾ ಬೆಳಿಗ್ಗೆ ಆರಕ್ಕೆ ನಾನು ಅದಕ್ಕೊಂದು ಒಳ್ಳೆಯ ಮಾತು ಕಳಿಸುತ್ತೇನೆ. ಸತ್ಯ, ಸಮಯ, ಸಹನೆ ಇಂಥವುಗಳ ಮೇಲೆ. ಅವರು ಕೈ ಮುಗಿದ ಚಿತ್ರ ಕಳಿಸುತ್ತಾರೆ. ನಾನು ಫೋನು ತೆಗೆದೆ. ಓದು ಬಾರದ ಇವಳಿಗೂ ಕೇಳುವಂತೆ, ಬರೆಯದೆ ಮಾತಿನಲ್ಲೇ ಹೇಳಿ ಕಳಿಸುತ್ತೇನೆ ಎಂದೆ. ಅವಳು ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗು ಸರಿ ಮಾಡಿಕೊಂಡು ಕೂತಳು.

"ಪ್ರಿಯ ವಿದ್ಯಾರ್ಥಿನಿಯರೇ," ಎಂದು ಶುರು ಮಾಡಿದೆ.

"ಅವತ್ತ ಪ್ರಿಯ ಅಂದಿದ್ದಿಲ್ರಿ," ಎಂದಳು.

ಅಳಿಸಿದೆ. ಮತ್ತೆ ಶುರು ಮಾಡಿದೆ. ಮನುಷ್ಯರಿಂದ ತಪ್ಪಾಗುವುದು ಸಹಜ ಎಂದು ಏನೋ ಹೇಳುತ್ತಿದ್ದೆ, ಆಡು ನಡುವೆ ಒದರಿತು. ಅವಳು ಕೈ ಎತ್ತಿದಳು. "ಆಡಿಗೂ ಬ್ಯಾಸರಾತು ನೋಡ್ರಿ. ಬ್ಯಾಳಿ ಎಲ್ಲಿತ್ತು, ಅದನ್ನ ಹೇಳ್ರಿ ಮೊದಲ."

ಮೂರನೆಯ ಸಲ ಹೇಳಿದ್ದು ಇಷ್ಟು:

"ನಾ ಅಕ್ಕೋರು ಮಾತಾಡಾಕತ್ತೇನಿ. ಒಂದು ರವಿವಾರ ನೀವು ತಾಟು ತೊಳಿಯಾಕ ನಿಂತಾಗ ನಿಮ್ಮ ಮುಂದ ಅತ್ತಿ ಚೀಲಾ ಬಿಚ್ಚಿಸಿದೆ. ಬ್ಯಾಳಿ ಕದ್ದಾಳ ಅಂತ ತಿಳದಿದ್ದೆ. ಬ್ಯಾಳಿ ಮಾಳಗಿ ಮ್ಯಾಲ ಇತ್ತು. ನಾನ ಒಣಗಾಕ ಹಾಕಿಸಿ ಮರತಿದ್ದೆ. ಎರಡು ದಿನಕ್ಕ ಗೊತ್ತಾತು. ಗೊತ್ತಾದ ಮ್ಯಾಲೂ ನಿಮಗ ಹೇಳಲಿಲ್ಲ, ಆಕಿಗೂ ಹೇಳಲಿಲ್ಲ. ಆಕಿ ಚೀಲದಾಗ ಇದ್ದದ್ದು ಸಿಪ್ಪಿ."

"ಮತ್ತ ಅರ್ಧಾ ರೊಟ್ಟಿ," ಎಂದಳು ಅವಳು. "ನಂದು."

"ಮತ್ತ ಅರ್ಧಾ ರೊಟ್ಟಿ. ಆಕೀದು," ಎಂದೆ. ಕಳಿಸಿದೆ.

ಹಬ್ಬದ ದಿನ, ಎಲ್ಲರೂ ಮನೆಯಲ್ಲಿದ್ದರು. ಕೇಳಿದ ಗುರುತು ಒಂದೊಂದಾಗಿ ಬಿದ್ದಿತು. ಯಾರೂ ಕೈ ಮುಗಿದ ಚಿತ್ರ ಕಳಿಸಲಿಲ್ಲ. ಚಹಾ ಕುಡಿದು ಬಟ್ಟಲು ಕೆಳಗಿಟ್ಟಾಗ ಒಂದು ಉತ್ತರ ಬಂತು, ಬಸ್ಸಿನ ಕಂಡಕ್ಟರಳದು. ಪಕ್ಕದಲ್ಲಿ ಕೂತಿದ್ದ ಇವಳಿಗೆ ಓದಿ ಹೇಳಿದೆ: "ಅಕ್ಕೋರೆ, ಅವತ್ತು ಮೊದಲು ನಕ್ಕಿದ್ದು ನಾನು."

"ಗೊತ್ತೈತಿ," ಎಂದಳು. "ಆಕಿ ನಗೀ ನನಗ ಗುರುತೈತಿ." ಆಮೇಲೆ ಬಹಳ ಹೊತ್ತು ಶೇಂಗಾ ಬಿಡಿಸಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ರಸ್ತೆಯ ಕಡೆ ನೋಡುತ್ತ ಕೂತಿದ್ದಳು. ಸಮಾಧಾನವಾಯಿತೇ ಎಂದು ಕೇಳುವ ಮಾತು ನನ್ನ ಬಾಯಿಯವರೆಗೂ ಬಂತು. ಅದನ್ನಾದರೂ ನುಂಗಿಕೊಂಡೆ.

ನಾಲ್ಕೂವರೆಗೆ ಏಳಬೇಕಿತ್ತು, ಬಸ್ಸಿತ್ತು. "ತಂದದ್ದನ್ನ ತಿರುಗಿ ಒಯ್ತಿರೇನ್ರಿ? ಕೊಡ್ರಿ," ಎಂದು ಬನ್ನಿಗೆ ಕೈ ಚಾಚಿದಳು. ಕೊಟ್ಟೆ. ಬಂಗಾರದ ಮಾತು ನಾನು ಆಡಲಿಲ್ಲ, ಅವಳೂ ಆಡಲಿಲ್ಲ. ವಯಸ್ಸಿನ ಪ್ರಕಾರ ಮಾಡಬೇಕಾದದ್ದನ್ನು ಮಾಡಲು ಬಗ್ಗಿದೆ. ಅವಳು ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. "ನಡಾ ಹಿಡದೀತು, ಬ್ಯಾಡ್ರಿ. ಆಮ್ಯಾಗ ನಿಮ್ಮನ್ನ ಬಸ್ಸಿಗೆ ಹೊತಗೊಂಡು ಹೋಗಾವರ್ಯಾರು?"

ಮಗಳು ಒಳಗಿನಿಂದ ಒಂದು ಬಟ್ಟೆಯ ಚೀಲ ತಂದು ತಾಯಿಯ ಕೈಗೆ ಕೊಟ್ಟಳು. ಹಬ್ಬದ ಕಡಬು. ಬಾಯಿಗೆ ನಾಡಿ ಹಾಕಿ ಹೊಲಿದದ್ದು, ಅದೇ ಹೊಲಿಗೆ. ಅವಳು ನನ್ನೊಂದಿಗೆ ಬಸ್ಸು ನಿಲ್ಲುವ ಕಡೆಗೆ ಬಂದಳು. ಮೊಣಕಾಲಿನಿಂದಾಗಿ ಮೆಲ್ಲಗೆ ನಡೆದೆವು. ದಾರಿಯಲ್ಲಿ ಅವಳ ಆಡಿನ ಮರಿಗಳ ಬಗ್ಗೆ ಮಾತಾಡಿದೆವು, ನನ್ನ ತಂಗಿಯ ಸೀರೆಯ ಬಣ್ಣದ ಬಗ್ಗೆ ಮಾತಾಡಿದೆವು. ಬೇರೆ ಯಾರಾದರೂ ನೋಡಿದ್ದರೆ ಇವರ ನಡುವೆ ಏನೂ ಆಗಿಲ್ಲ ಎನ್ನುತ್ತಿದ್ದರು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಬಸ್ಸು ತಿರುವಿನಲ್ಲಿ ಕಂಡಿತು. ಅವಳು ಚೀಲವನ್ನು ನನ್ನ ಕೈಗೆ ಕೊಡುವ ಮೊದಲು ನಿಂತಳು. ಬೆರಳು ನಾಡಿಗೆ ಹೋಯಿತು. ಬಿಚ್ಚಿದಳು. ಎರಡೂ ಕೈಯಿಂದ ಬಾಯಿ ಅಗಲಿಸಿ ನನ್ನ ಕಡೆ ಹಿಡಿದಳು.

"ನೋಡ್ರಿ. ಎಂಟು ಅದಾವ."

"ಬಿಚ್ಚಬ್ಯಾಡ," ಎಂದೆ. ಆಗಲೇ ಬಿಚ್ಚಿಯಾಗಿತ್ತು. ನನ್ನ ದನಿ ಹೇಗೆ ಬಂತೋ, ಅವಳು ತನ್ನ ಕೈಗಳನ್ನು ತಾನೇ ನೋಡಿಕೊಂಡಳು, ಬೇರೆ ಯಾರದೋ ಕೈ ನೋಡುವಂತೆ.

"ರೂಢಿರಿ," ಎಂದಳು. "ನನಗ ತಿಳಿಯಂಗೇ ಇಲ್ಲ ನೋಡ್ರಿ."

ಹುಡುಗಿಯರೆಲ್ಲರ ಮುಂದೆ ಹೇಳಿ ಇನ್ನೂ ಎರಡು ತಾಸು ಆಗಿರಲಿಲ್ಲ. ಆ ಮಾತು ಅವಳ ಕಿವಿಗೆ ತಲುಪಿತ್ತು, ಬಹುಶಃ ಮನಸ್ಸಿಗೂ ಒಂದಿಷ್ಟು. ಕೈಗಳಿಗೆ ತಲುಪಿರಲಿಲ್ಲ. ಆ ಕೈಗಳಿಗೆ ಪಾಠ ಕಲಿಸಿದವಳು ನಾನು, ಹನ್ನೊಂದು ವರ್ಷ, ದಿನಾ ಒಂದೇ ವೇಳೆಗೆ. ಅದನ್ನು ಮರೆಸುವ ಮಾತು ನನ್ನ ಹಾಳೆಯಲ್ಲೂ ಇರಲಿಲ್ಲ, ಬಾಯಲ್ಲೂ ಇರಲಿಲ್ಲ. ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ನೋಡದೆ ನಾಡಿ ಎಳೆದು ಕಟ್ಟಿದೆ. ಗಂಟು ಸರಿ ಬೀಳಲಿಲ್ಲ. ಅವಳೇ ಬಿಗಿ ಮಾಡಿಕೊಟ್ಟಳು.

"ಹತ್ತರಿ, ಹತ್ತರಿ. ಬಸ್ ನಿಮ್ಮ ಗಂಟಿ ಕೇಳಂಗಿಲ್ಲ."

ಬಸ್ಸು ಹೊರಟ ಮೇಲೆ ಕಿಟಕಿಯಿಂದ ನೋಡಿದೆ. ಅವಳು ಬನ್ನಿಯ ಟೊಂಗೆಯನ್ನು ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಮೆಲ್ಲಗೆ ಹೋಗುತ್ತಿದ್ದಳು.

ಏಳಕ್ಕೆ ಹತ್ತು ನಿಮಿಷ ಇರುವಾಗ ಮನೆ ಮುಟ್ಟಿದೆ. ಓಣಿಯ ತುಂಬ ಬನ್ನಿ ಕೊಡುವವರ ಓಡಾಟ. ನನ್ನ ಪಟ್ಟಿಯಲ್ಲಿದ್ದ ಹದಿನಾಲ್ಕು ಮನೆಗಳಲ್ಲಿ ಒಂದಕ್ಕೂ ಹೋಗಲಿಲ್ಲ. ಮನೆಗೆ ಬಂದವರಿಂದ ಎಲೆ ತೆಗೆದುಕೊಂಡೆ, ಎಲೆ ಕೊಟ್ಟೆ. ತಂಗಿ ಹೊಸ ಸೀರೆ ಉಟ್ಟು ಬಂದು, "ಹೇಳಿದಿಯೇನ?" ಎಂದಳು.

"ಹೇಳಿದೆ."

"ಏನಂದ್ಲು?"

"ಎಂಟು ಕಡಬು ಕೊಟ್ಟಾಳ."

ತಂಗಿ ನನ್ನ ಮುಖ ನೋಡಿದಳು. ಚೀಲ ಬಿಚ್ಚಿ ಕಡಬುಗಳನ್ನು ತಾಟಿಗೆ ಹಾಕಿದಳು. "ಚೀಲಾ ಖಾಲಿ ಕಳಿಸಬಾರದು ಮತ್ತ. ಏನರ ಹಾಕಿ ನೀನ ಒಯ್ದು ಕೊಡು," ಎಂದು ಹೇಳಿ ಹೋದಳು.

ಚೀಲಕ್ಕೆ ಎಣ್ಣೆಯ ಕಲೆ ಹತ್ತಿತ್ತು. ಸೋಪು ಹಚ್ಚಿ ಎರಡು ಸಲ ತಿಕ್ಕಿದೆ. ಒಳಗನ್ನು ಹೊರಗೆ ಮಾಡಿ ಮೂಲೆಗಳಲ್ಲಿನ ಹಿಟ್ಟಿನ ಕಣ ಬಿಡಿಸಿ ತೊಳೆದೆ. ನಾಡಿಯನ್ನು ಬೇರೆಯಾಗಿ ಹಿಂಡಿದೆ. ಹಿತ್ತಲ ಹಗ್ಗಕ್ಕೆ ಹಾಕಿ ಎರಡು ಕಡೆ ಕ್ಲಿಪ್ಪು ಸಿಕ್ಕಿಸಿದಾಗ ಎಂಟು ಗಂಟೆ ಐದು ನಿಮಿಷ.